ಬೂದಿಕೋಟೆಯಲ್ಲಿ ಒಡಪು

"ಕಲಿಸುವವನಿಗೆ ಬುದ್ಧಿ ಇದ್ದರೆ ಕಲಿಯದವರು ಈ ಭೂಮಿ ಮೇಲೆ ಯಾರೂ ಇಲ್ಲ!" ಇದು ಸಿದ್ದಾರೂಢ ಮಾಸ್ತರನ ಸಿದ್ಧಾಂತ. ಜಂಬಕ್ಕೆ ಕಾರಣವೂ ಇತ್ತೆನ್ನಿ. ಗಣಿತದಲ್ಲಿ ಮೂರು ಮೂರು ಸಲ ಡುಮ್ಕಿ ಹೊಡೆದ ಮುಂಡರಗಿ, ಶಿರಹಟ್ಟಿ ಹುಡುಗರನ್ನು ಗದಗಿನ ತನ್ನ ಟ್ಯೂಷನ್ನಿನಲ್ಲಿ ಕೂರಿಸಿ ಪಾಸು ಮಾಡಿಸಿದ ಭೂಪ ಅವನು. ಅದೇ ಠೀವಿಯಲ್ಲಿ ಮೊಬೈಲ್ ಗೇಮಿನ ತಂಡವೊಂದಕ್ಕೆ ಕ್ಯಾಪ್ಟನ್ನೂ ಆಗಿದ್ದ. ತಂಡದ ಶಫೀಕ ಒಂದು ದಿನ ಗ್ರೂಪಿನಲ್ಲಿ, "ಹೊಸಬರನ್ನ ಕಟಗೊಂಡು ಬೂದಿಕೋಟಿ ಗೆಲ್ಲಾಕ ಆಗೂದಿಲ್ಲ ಬಿಡಲೇ" ಎಂದು ಬರೆದದ್ದೇ ತಡ, ಮಾಸ್ತರನ ಮೀಸೆ ಕುಣಿಯಿತು.

"ನಮ್ಮಪ್ಪ, ನಮ್ಮವ್ವ, ನನ್ನ ಹೆಂಡ್ತಿ, ಮೂವರನ್ನೂ ಕಟಗೊಂಡು ಐತವಾರ ಸಂಜಿ ಆರರೊಳಗ ಗೆದ್ದು ತೋರಸ್ತೇನಿ. ಸೋತ್ರ ಕ್ಯಾಪ್ಟನ್ ಪಟ್ಟ ನಿನಗ ತಗೋ!"

ಬೂದಿಕೋಟೆಯ ಆಟ ಹೀಗೆ. ನಾಲ್ವರು ಕೂಡಿ ಒಳಗೆ ಹೋಗಬೇಕು. ಅಲ್ಲಿರುವ ಭೂತ ಆಗಾಗ ಒಬ್ಬರ ನೆತ್ತಿಯ ಮೇಲೆ ಕೆಂಪು ಗುರುತು ಹಾಕುತ್ತದೆ. ಅದು ಕಾಣುವುದು ದೀಪ ಹಿಡಿದವರಿಗೆ ಮಾತ್ರ. ಅವರು ಹೆಸರು ಕೂಗಬೇಕು, ಆ ಹೆಸರಿನವರು ಐದು ಸೆಕೆಂಡಿನೊಳಗೆ ಕೋಟೆಯ ನೀರಿನ ಹೊಂಡಕ್ಕೆ ಜಿಗಿಯಬೇಕು. ತಪ್ಪಿದರೆ ನಾಲ್ವರೂ ಬೂದಿ! ದೀಪ ಹಿಡಿದವರು ನಿಂತ ಜಾಗ ಬಿಡುವಂತಿಲ್ಲವಾದ್ದರಿಂದ ಆ ಕೆಲಸ ಅವ್ವ ನೀಲಗಂಗವ್ವನಿಗೆ ಬಂತು. ಅಪ್ಪ ಅಂದಾನಪ್ಪನಿಗೆ ಬಿಲ್ಲು, ಹೆಂಡತಿ ಸ್ನೇಹಾಳಿಗೆ ಕತ್ತಿ, ಮಾಸ್ತರನಿಗೆ ಗುರಾಣಿ. ಪಡಸಾಲೆಯಲ್ಲಿ ಚಾಪೆ ಹಾಸಿ, ನಾಲ್ವರೂ ಒಂದೊಂದು ಮೊಬೈಲ್ ಹಿಡಿದು ಕುಂತರು.

ಕಲಿಕೆ ಏನು ಚೆಂದ ಸಾಗಿತು! ಎರಡೇ ದಿನದಲ್ಲಿ ಅವ್ವ ಪಳಗಿದಳು. "ಸಿದ್ದೂ, ಓಡೋ!" ಎಂದರೆ ಮಾಸ್ತರ ಹೊಂಡದಲ್ಲಿ. "ಸ್ನೇಹಾ, ಜಿಗಿಯವ್ವಾ!" ಎಂದರೆ ಸೊಸೆ ಹೊಂಡದಲ್ಲಿ. ಆದರೆ ಆಟ ರಂಗೇರುವಾಗ ಒಮ್ಮೊಮ್ಮೆ ಅವ್ವ ಇದ್ದಕ್ಕಿದ್ದಂತೆ ಮೌನಗೌರಿ. ಧಗ್! ಎಲ್ಲರೂ ಬೂದಿ.

ಮಾಸ್ತರನಿಗೆ ಸಿಟ್ಟಿಗಿಂತ ಕುತೂಹಲವೇ ಹೆಚ್ಚಾಯಿತು. ಇದೇನಿದು ಒಗಟು? ಅವ್ವನ ಮೊಬೈಲ್ ಬದಲಿಸಿದ. ಕನ್ನಡಕ ಒರೆಸಿಕೊಟ್ಟ. ಕಿಟಕಿಯ ಕಡೆ ಮುಖ ಮಾಡಿ ಕೂರಿಸಿದ. ಮತ್ತೆ ಬೂದಿ! ಕೊನೆಗೆ ನೋಟ್‌ಬುಕ್ ತೆಗೆದು ಗುರುತು ಯಾರಿಗೆ ಬಿತ್ತೆಂದು ಅವ್ವನ ಮೊಬೈಲಿನಲ್ಲಿ ನೋಡಿ ಪ್ರತಿ ಸಾವನ್ನೂ ಬರೆಯತೊಡಗಿದ. ಹನ್ನೊಂದು ಸಲ ಸತ್ತಿದ್ದರು. ಹನ್ನೊಂದು ಸಲವೂ ಗುರುತು ಬಿದ್ದದ್ದು ಅಪ್ಪನ ನೆತ್ತಿಗೆ!

"ಅವ್ವಾ, ಖರೆ ಹೇಳು, ಅಪ್ಪನ ಮ್ಯಾಲೆ ಏನರ ಸಿಟ್ಟೈತೇನು?"

"ಹುಚ್ಚಪ್ಪಾ, ಸಿಟ್ಟ್ಯಾಕ? ಅವರ ಹೆಸರು ನಾ ಹ್ಯಾಂಗ ಹೇಳ್ಲೋ?"

ಮಾಸ್ತರ ಹಣೆ ಹಣೆ ಬಡಿದುಕೊಂಡ. ನಲವತ್ತೆರಡು ವರ್ಷ ಗಂಡನ ಹೆಸರೆತ್ತದ ನಾಲಿಗೆ ಭೂತಕ್ಕೆ ಹೆದರಿ ಹೊರಳುತ್ತದೆಯೇ? "ಆತು, ಹೆಸರು ಬ್ಯಾಡ. ರೀ ಅನ್ನು ಸಾಕು" ಎಂದ.

ಗುರುತು ಬಿತ್ತು. ಅವ್ವ "ರೀ!" ಎಂದಳು. ತಟ್ಟನೆ ಹೊಂಡಕ್ಕೆ ಜಿಗಿದದ್ದು ಮಾಸ್ತರ! ಆ ಶಬ್ದ ಕೇಳಿದರೆ ಎದ್ದು ಓಡುವುದು ಅವನಿಗೆ ಎಂಟು ವರ್ಷದ ರೂಢಿ. ಅಪ್ಪ ಮಾತ್ರ ಅಲ್ಲಾಡಲಿಲ್ಲ. ಮೂರನೆಯ "ರೀ"ಗೆ ಹೂಂಗುಡುವುದು ಅವನ ಪದ್ಧತಿ. ಎರಡನೆಯದಕ್ಕೇ ಎಲ್ಲ ಬೂದಿ.

ಐತವಾರ ಬಂತು. ಸಂಜೆ ಐದೂವರೆ. ಸಾಕ್ಷಿಗೆಂದು ಶಫೀಕ ಫೋನಿನಲ್ಲಿ ಕಿವಿಗೊಟ್ಟು ಕುಂತಿದ್ದ. ಮಾಸ್ತರನಿಗೆ ದಾರಿ ತೋರಿಸಿದವಳು ಸ್ನೇಹಾ. "ಅತ್ತಿ, ಮದುವ್ಯಾಗ ಮಾವನ ಹೆಸರು ಪದದಾಗ ಕಟ್ಟಿ ಒಡಪ ಹಾಕಿದ್ರೆಲ್ಲ, ಹಂಗ ಹಾಕ್ರಿ. ಒಡಪ ಹಾಕಿ ಹೇಳಿದ್ರ ತಪ್ಪಿಲ್ಲ."

ಅವ್ವನ ಮುಖ ಕೆಂಪಾಯಿತು. ಆದರೂ ಒಪ್ಪಿದಳು. ಈ ಸಲ ಆಟ ಹೂವಿನ ಸರ ಎತ್ತಿದಂತೆ ಸಾಗಿತು. ಭೂತ ಅರೆಜೀವವಾಯಿತು. ಅಷ್ಟರಲ್ಲಿ ಗುರುತು! ಅವ್ವ ಸೆರಗು ಸರಿಮಾಡಿಕೊಂಡು ರಾಗವಾಗಿ ಎತ್ತಿದಳು:

"ಬೆಟಗೇರಿ ಮಗ್ಗದಾಗ ನೇಯ್ದ ಸೀರಿ ದಪ್ಪ..."

"ಅಪ್ಪಾ, ನಿಮಗ ಅದು! ಓಡ್ರಿ!" ಮಾಸ್ತರ ಚೀರಿದ.

ಅಪ್ಪ ಮೊಬೈಲನ್ನು ಚಾಪೆಯ ಮೇಲಿಟ್ಟು ಕೈ ಎತ್ತಿದ. "ತಡಿಯೋ ಗದ್ದಲಾ ಮಾಡಬ್ಯಾಡ! ಮದುವ್ಯಾಗ ಒಮ್ಮೆ ಹೇಳಿದ್ಲು, ಆಮ್ಯಾಲ ಇವತ್ತ ನೋಡು. ಪೂರಾ ಕೇಳೂಣು."

"...ಉಟ್ಟು ನಡದರ ಹಿಂದಿಂದ ಬರ್ತಾರ ಅಂದಾನಪ್ಪ!"

ಧಗ್! ನಾಲ್ವರೂ ಬೂದಿ. ಬೂದಿಯಾದ ಅಂದಾನಪ್ಪನ ಮುಖ ಮಾತ್ರ ಫಳಫಳ ಹೊಳೆಯುತ್ತಿತ್ತು. "ಇನ್ನೊಮ್ಮೆ ಹೇಳು" ಎಂದ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅವರಿಬ್ಬರನ್ನು ನೋಡಿ ಮಾಸ್ತರನಿಗೆ ಸಂತೋಷವೂ ಆಯಿತು, ಅಳುವೂ ಬಂತು. ಆರಕ್ಕೆ ಇನ್ನು ಹತ್ತೇ ನಿಮಿಷ!

"ಇತ್ತ ಕೊಡು ದೀಪ!" ಎಂದು ಎದ್ದುನಿಂತ. "ಗುರಾಣಿ ನೀ ಹಿಡಿಯವ್ವಾ, ಒಂದು ಬೆರಳು ಒತ್ತಿದ್ರ ಸಾಕು. ಒಂದು ಹೆಸರು ಕೂಗಾಕ ಇಷ್ಟು ನಾಚಿಗಿನ? ಹಳೇ ಕಾಲದ ಮಂದಿ ನೀವು!"

ದೀಪ ಕ್ಯಾಪ್ಟನ್ನನ ಕೈಗೆ ಬಂದ ಮೇಲೆ ಕೇಳಬೇಕೇ? "ಅಪ್ಪಾ!" ಎಂದ, ಅಪ್ಪ ಹೊಂಡಕ್ಕೆ. "ಅವ್ವಾ!" ಎಂದ, ಅವ್ವ ಹೊಂಡಕ್ಕೆ. ಭೂತ ಮೊಣಕಾಲೂರಿತು. ಇನ್ನೊಂದೇ ಏಟು, ಕೋಟೆ ಇವರದು! ಶಫೀಕ ಉಗುರು ಕಡಿಯುವುದು ಫೋನಿನಲ್ಲೇ ಕೇಳುತ್ತಿತ್ತು. ಆಗ ಕೊನೆಯ ಗುರುತು ಬಿತ್ತು, ಸ್ನೇಹಾಳ ನೆತ್ತಿಗೆ.

ಮಾಸ್ತರ ಬಾಯಿ ತೆರೆದ. ಎದುರಿಗೆ ಅಪ್ಪ ಕುಂತಿದ್ದ. ಪಕ್ಕದಲ್ಲಿ ಅವ್ವ.

"ಏ... ಇಕೀ... ಕೇಳಿಲ್ಲೆ... ಅಕೀಗೆ ಹೇಳ್ರಿ ಯಾರರ... ಏ ಇವಳಽ..."

ಧಗ್!

ಗೋಡೆಯ ಗಡಿಯಾರ ಆರು ಹೊಡೆಯಿತು. "ಪಟ್ಟ ನನಗ ಬಂತಲೇ ಸಿದ್ದ್ಯಾ!" ಎಂದು ಶಫೀಕ ನಗುತ್ತ ಫೋನಿಟ್ಟ. ಸ್ನೇಹಾ ಮೊಬೈಲ್ ಕೆಳಗಿಟ್ಟು ಗಂಡನ ಕಡೆ ತಿರುಗಿದಳು.

"ಎಂಟು ವರ್ಷಾತು. ಅತ್ತಿ ಮಾವನ ಮುಂದ ಒಮ್ಮೆರ ನನ್ನ ಹೆಸರು ಕರದೀರೇನು? ಅತ್ತಿಯಾರು ಒಡಪನಾರ ಹಾಕಿದ್ರು!"

ಮಾಸ್ತರ ಮೊಬೈಲಿನ ಗಾಜು ಒರೆಸತೊಡಗಿದ.

"ಮಾವಾರಽ, ಇವತ್ತಿಂದ ಇವರಿಗೆ ಟ್ಯೂಷನ್ ಶುರು ಮಾಡ್ತೇನಿ" ಎಂದು ಸ್ನೇಹಾ ಚಕ್ಕಳಮಕ್ಕಳ ಹಾಕಿ ಕುಂತಳು. "ಹೂಂ, ನನ್ನ ಹಿಂದಿಂದ ಹೇಳ್ರಿ ಮಾಸ್ತರಽ. ಸ್ನೇ... ಹಾ."

ಸಿದ್ದಾರೂಢ ಮಾಸ್ತರ ಅಪ್ಪನ ಮುಖ ನೋಡಿದ. ನೆಲ ನೋಡಿದ. ಬೆವರು ಒರೆಸಿಕೊಂಡ.

"ಏ, ಕೇಳಿಲ್ಲೆ," ಎಂದ ಸಣ್ಣ ದನಿಯಲ್ಲಿ, "ಮೊದಲ ಒಂದು ಕಪ್ ಚಾ ಮಾಡಿ ಕೊಡು."