ಟವಲ್ಲಿನ ಕೆಳಗೊಂದು ಕೌನ್ಸೆಲಿಂಗು

ಮನುಷ್ಯನ ಮನಸ್ಸು ಸಮುದ್ರಕ್ಕಿಂತ ಆಳವಾದದ್ದು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕೊಟ್ಟೂರಿನ ನಮ್ಮ ಹಿರಿಯರಲ್ಲಿ ಸಮುದ್ರ ನೋಡಿದವರು ಒಬ್ಬರೂ ಇರಲಿಲ್ಲ ಎಂಬುದನ್ನು ಇಲ್ಲಿ ವಿನಯಪೂರ್ವಕವಾಗಿ ಸೇರಿಸಬೇಕು. ಅವರು ಕಂಡ ಅತಿ ಆಳವೆಂದರೆ ಕೊಳವೆಬಾವಿ, ಅದರಿಂದಲೂ ಎಷ್ಟೋ ಸಲ ಮೇಲೆ ಬಂದದ್ದು ಧೂಳು. ಹೀಗಾಗಿ ನನ್ನ ಸೋದರಮಾವನ ಮನಸ್ಸಿನ ಆಳ ನೋಡಲು ಮೈಸೂರಿನ ಒಬ್ಬ ಹೆಣ್ಣುಮಗಳು ನನ್ನ ಫೋನಿನೊಳಗೆ ಇಳಿಯಬೇಕಾಯಿತು. ತನ್ನ ದುಃಖ ಎಷ್ಟು ಎಂದು ಕೌನ್ಸೆಲರ್ ಜೊತೆ ಚೌಕಾಶಿ ಮಾಡಿದ ಮಹಾಪುರುಷ ಈ ಭರತಖಂಡದಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಮಾವ!

ಮಾವ ಕುರಿ ದಲ್ಲಾಳಿ. ಕುರಿಸಂತೆ ನೋಡದವರಿಗಾಗಿ ಒಂದು ಮಾತು ಹೇಳಬೇಕು. ಅಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಮಾರುವವನ ಕಡೆಯ ದಲ್ಲಾಳಿ, ಕೊಳ್ಳುವವನ ಕಡೆಯ ದಲ್ಲಾಳಿ ಇಬ್ಬರೂ ಒಂದು ಟವಲ್ಲಿನ ಕೆಳಗೆ ಕೈ ತೂರಿಸಿ, ಒಬ್ಬರ ಬೆರಳು ಒಬ್ಬರು ಹಿಡಿದು, ಅದುಮಿ, ಬಿಟ್ಟು, ಮತ್ತೆ ಹಿಡಿದು ವ್ಯಾಪಾರ ಮುಗಿಸುತ್ತಾರೆ. ಎಷ್ಟು ಬೆರಳು ಹಿಡಿದರೋ ಅಷ್ಟು ದರ. ಮುಖಗಳು ಮಾತ್ರ ಟವಲ್ಲಿನ ಮೇಲೆ ಏನೂ ನಡೆದೇ ಇಲ್ಲವೆಂಬಂತೆ ಮಳೆಯ ವಿಚಾರ ಮಾತಾಡುತ್ತಿರುತ್ತವೆ. ಟವಲ್ಲಿನ ಕೆಳಗಿನ ಲೆಕ್ಕವನ್ನು ಹೊರಗೆ ಹೇಳಿದವನು ದಲ್ಲಾಳಿಯಲ್ಲ, ಪೇಪರಿನವನು.

ಇಂಥ ಕೈ ಈ ಯುಗಾದಿಯ ನಂತರ ನಡುಗತೊಡಗಿತು. ಚಹಾ ಹಿಡಿದಾಗ ನಡುಗುವುದಿಲ್ಲ, ಅತ್ತೆಗೆ ಬೆರಳು ತೋರಿಸಿ ಬೈಯುವಾಗಂತೂ ಕಲ್ಲಿನಂತೆ ನಿಲ್ಲುತ್ತದೆ. ಟವಲ್ಲಿನ ಕೆಳಗೆ ಹೋಯಿತೋ, ಗಾಳಿಗೆ ಸಿಕ್ಕ ಅರಳಿ ಎಲೆ! ಎರಡು ಬೆರಳು ಹಿಡಿಯಲು ಹೋಗಿ ನಾಲ್ಕು ಹಿಡಿದರೆ ಏನು ಗತಿ? ಮಾವ ಸಂತೆಗೆ ಹೋಗುವುದನ್ನೇ ಬಿಟ್ಟು ಮನೆಯಲ್ಲಿ ಕೂತ. ಸಂತೆಗೆ ಹೋಗದ ದಲ್ಲಾಳಿ ಮನೆಯಲ್ಲಿ ಏನು ಮಾಡುತ್ತಾನೆ? ಅತ್ತೆಗೂ ತರಕಾರಿ ಮಾರುವವಳಿಗೂ ನಡುವೆ ನಿಂತು ಮಧ್ಯಸ್ಥಿಕೆ ಮಾಡುತ್ತಾನೆ, ಅದೂ ತರಕಾರಿಯವಳ ಪರವಾಗಿ!

ಹರಪನಹಳ್ಳಿಯ ಡಾಕ್ಟರು ನರ ನೋಡಿದರು, ರಕ್ತ ನೋಡಿದರು, ಕೊನೆಗೆ, "ಕೈಯಾಗ ಏನೂ ಇಲ್ರಿ ಯಜಮಾನ್ರ. ಮನಸಿನ್ಯಾಗ ಏನರ ಇರಬೇಕು. ಯಾರರ ಕೌನ್ಸೆಲರ್ ಹತ್ರ ಮಾತಾಡ್ರಿ" ಎಂದರು.

ಮಾವ ಮನೆಗೆ ಬಂದು ಹಾರಾಡಿದ. "ಕೈ ತೋರ್ಸಾಕ ಹೋದ್ರ ತಲಿ ಕೆಟ್ಟೈತಿ ಅಂತಾನಲ್ಲಲೇ ಅಳಿಯಾ!"

ಅತ್ತೆ ಒಳಗಿನಿಂದಲೇ, "ಅದ್ರಾಗ ಡಾಕ್ಟ್ರು ಹೊಸಾದು ಏನು ಹೇಳ್ಯಾರ?" ಎಂದಳು.

ನಮ್ಮ ಸುತ್ತಿನ ತಾಲ್ಲೂಕುಗಳಲ್ಲಿ ಅಂಥವರು ನನಗೆ ಸಿಗಲಿಲ್ಲವಾದ್ದರಿಂದ ಆನ್‌ಲೈನಿನಲ್ಲಿ ಹುಡುಕಿ ಮೈಸೂರಿನ ಒಬ್ಬ ಕೌನ್ಸೆಲರ್ ಜೊತೆ ಹೊತ್ತು ಗೊತ್ತು ಮಾಡಿದೆ. ಮಾವನದು ಗುಂಡಿ ಒತ್ತುವ ಹಳೇ ಫೋನಾದ್ದರಿಂದ ನನ್ನ ಫೋನೂ, ಅದರ ಬೆನ್ನಿಗೆ ನಾನೂ ಹಾಜರಾಗಬೇಕಾಯಿತು. ಮೊದಲ ದಿನ ಮಾವ ಹೆಣ್ಣು ನೋಡಲು ಹೊರಟವನಂತೆ ಬಿಳಿ ಧೋತರ ಉಟ್ಟು, ರುಮಾಲು ಸುತ್ತಿ, ಪಡಸಾಲೆಯಲ್ಲಿ ಕೂತ. ಪರದೆಯ ಮೇಲೆ ಆ ಹೆಣ್ಣುಮಗಳು ನಕ್ಕು ನಮಸ್ಕಾರ ಹೇಳಿದರು. ಮಾವ ನನ್ನ ಕಡೆ ವಾಲಿ, ಪಿಸುಮಾತು ಎಂದು ತಾನು ನಂಬಿಕೊಂಡಿರುವ ದನಿಯಲ್ಲಿ, "ಹಲ್ಲು ಚೊಲೋ ಅದಾವು. ವಯಸ್ಸು ಸಣ್ಣದು. ಅನುಭವ ಕಡಿಮಿ ಇರ್ತೈತಿ" ಎಂದ.

"ಸರ್, ನೀವು ಒಬ್ಬರೇ ಇದ್ದೀರಾ? ಪಕ್ಕದಲ್ಲಿ ಯಾರಾದರೂ ಇದ್ದಾರಾ?"

"ಯಾರೂ ಇಲ್ರಿ ಮೇಡಂ, ನಾ ಒಬ್ಬನ ಅದೀನಿ. ನಮ್ಮ ಅಳಿಯ ಅದಾನ, ಅವ ಲೆಕ್ಕಕ್ಕಿಲ್ಲ."

ಲೆಕ್ಕಕ್ಕಿಲ್ಲದ ನಾನು ಎದ್ದು ಹೊರಡಲು ನೋಡಿದೆ. ಫೋನಿನಲ್ಲಿ ಮಾತು ನಿಂತರೆ ಏನು ಒತ್ತಬೇಕೆಂದು ತಿಳಿಯದ ಮಾವ ನನ್ನ ಅಂಗಿ ಹಿಡಿದು ಕೂರಿಸಿದ. ಮೇಡಂ ನಿಧಾನವಾಗಿ ವಿವರಿಸಿದರು. ಮೊದಲ ಒಂದೆರಡು ಸಲ ಬರೀ ಪರಿಚಯ. ಅವಸರವಿಲ್ಲ. ಹೇಳಲು ಮನಸ್ಸಿಲ್ಲದ್ದನ್ನು ಹೇಳಬೇಕಾಗಿಲ್ಲ. ನೀವು ಹೇಳಿದ್ದು ನಮ್ಮ ನಡುವೆಯೇ ಇರುತ್ತದೆ.

ಕೊನೆಯ ಮಾತಿಗೆ ಮಾವನ ಕಿವಿ ನೆಟ್ಟಗಾಯಿತು. "ಅಂದ್ರ ಟವಲ್ಲಿನ ಕೆಳಗಿನ ಮಾತು ಅನ್ರಿ!"

ಹೀಗೆಂದವನೇ ಹೆಗಲ ಮೇಲಿನ ಟವಲು ತೆಗೆದು, ತನ್ನ ತಲೆ, ನನ್ನ ಫೋನು ಎರಡನ್ನೂ ಸೇರಿಸಿ ಮುಚ್ಚಿಕೊಂಡುಬಿಟ್ಟ!

"ಸರ್? ಸರ್, ಕತ್ತಲೆಯಾಗಿದೆ, ನೀವು ಕಾಣಿಸ್ತಿಲ್ಲ."

"ಕಾಣಬಾರದು ಅಂತನ ಹಾಕ್ಕೊಂಡೀನ್ರಿ. ಈಗ ಕೇಳ್ರಿ."

ಟವಲು ಬೆಳಕನ್ನು ತಡೆಯುತ್ತದೆ, ದನಿಯನ್ನು ತಡೆಯುವುದಿಲ್ಲ ಎಂಬ ಭೌತಶಾಸ್ತ್ರದ ನಿಯಮ ಮಾವನಿಗೆ ಯಾರೂ ಕಲಿಸಿರಲಿಲ್ಲ. ಟವಲ್ಲಿನೊಳಗಿನ ಪರಮ ಗುಟ್ಟನ್ನು ನಾನು, ಅಡಿಗೆಮನೆಯ ಬಾಗಿಲಲ್ಲಿ ಅತ್ತೆ, ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದಿದ್ದ ಎದುರುಮನೆಯಾಕೆ ಮೂವರೂ ಅತ್ಯಂತ ಗೋಪ್ಯವಾಗಿ ಕೇಳಿಸಿಕೊಂಡೆವು.

"ಸರ್, ಒಂದರಿಂದ ಹತ್ತರೊಳಗೆ ಹೇಳೋದಾದ್ರೆ, ನಿಮ್ಮ ಮನಸ್ಸಿನ ಭಾರ ಈಗ ಎಷ್ಟಿರಬಹುದು?"

"ನೀವ ಹೇಳ್ರಿ. ನಿಮಗೆಷ್ಟು ಅನಸ್ತೈತಿ?"

"ನಿಮ್ಮ ಮನಸ್ಸು ಸರ್, ನೀವೇ ಹೇಳಬೇಕು."

"ಮಾಲು ನಂದ, ಖರೇ. ಆದ್ರ ಮೊದ್ಲು ಬಾಯಿ ಬಿಟ್ಟಾಂವ ಸೋತಾಂವ. ನೀವ ಹೇಳ್ರಿ."

ಪಾಪ, ಸಂತೆಗೆ ಹೊಸಬರು. "ಐದು ಅಂದುಕೊಳ್ಳೋಣವಾ?" ಎಂದುಬಿಟ್ಟರು.

"ಐದಾ? ಮಾಲು ನೋಡಿ ಮಾತಾಡ್ರಿ ಮೇಡಂ!"

"ಹಾಗಾದ್ರೆ ಎಂಟು?"

"ಅಷ್ಟೇನು ಇಲ್ಲ ತಗೀರಿ, ನಾ ಏನು ಸಾಯಾಕತ್ತೀನೇನು?"

ಏರಿತು, ಇಳಿಯಿತು. ಕೊನೆಗೆ ಮಾವ, "ಹೋಗ್ಲಿ, ನಿಮ್ಮ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ, ಆರೂವರಿ!" ಎಂದು ತೊಡೆ ತಟ್ಟಿ ಟವಲು ತೆಗೆದ. ಬೆವರಿನಿಂದ ಮುಖ ತೊಯ್ದಿತ್ತು. ಎಷ್ಟೋ ದಿನಗಳ ಮೇಲೆ ಒಂದು ವ್ಯಾಪಾರ ಕುದುರಿಸಿದ ಸಂತೋಷ ಆ ಮುಖದಲ್ಲಿತ್ತು.

ಮೇಡಂ ಮನೆಗೆಲಸವನ್ನೂ ಕೊಡುತ್ತಿದ್ದರು. ಉಸಿರನ್ನು ನಿಧಾನವಾಗಿ ಎಳೆದು ನಿಧಾನವಾಗಿ ಬಿಡುವುದು ಒಂದು. ಮಾವ ಕಟ್ಟೆಯ ಮೇಲೆ ಕೂತು ಇದನ್ನು ಎಷ್ಟು ಶ್ರದ್ಧೆಯಿಂದ ಮಾಡಿದನೆಂದರೆ, ಎದುರುಮನೆಯಾಕೆ ದಮ್ಮು ಹೆಚ್ಚಾಗಿದೆಯೆಂದು ತಿಳಿದು ಕಷಾಯ ಕುದಿಸಿ ತಂದಳು. ಕುಡಿದ. ಬೇಡ ಎಂದರೆ ಬೇಜಾರಾದಾಳು! ಇನ್ನೊಂದು, ದಿನಾ ಮನಸ್ಸಿಗೆ ಖುಷಿ ಕೊಡುವ ಒಂದು ಕೆಲಸ ಮಾಡುವುದು. ಮಾವನಿಗೆ ಖುಷಿ ಕೊಡುವ ಕೆಲಸ ಜಗಳ. ಒಂದು ವಾರ ತಪ್ಪದೆ ಮಾಡಿದ. ಅತ್ತೆ ನನ್ನನ್ನು ಹಿಡಿದು, "ಆ ಮೇಡಂ ಹತ್ರ ನನ್ನ ಹೆಸರೂ ಬರಸಪ್ಪಾ, ಇವ್ರಿಗೆ ಗುಣ ಆಗೋದ್ರಾಗ ನನಗೂ ಬೇಕಾಗ್ತೈತಿ" ಎಂದಳು.

ಮತ್ತೊಂದು ವಾರ ಟವಲ್ಲಿನೊಳಗೆ ಪ್ರಶ್ನೆ ಬಂತು. "ಕೈ ನಡುಗೋಕೆ ಶುರುವಾಗೋ ಮುಂಚೆ ಏನಾದರೂ ನಡೀತಾ ಸರ್?"

"ಏನೂ ಇಲ್ರಿ. ಆ ಹಲವಾಗಲಿನ ಮುದುಕ ಸತ್ತ, ಅಷ್ಟ."

"ಅವರು ನಿಮಗೆ ಏನಾಗಬೇಕು?"

"ವೈರಿ."

ಹಲವಾಗಲು ಎಂಬ ಊರಿನ ಆ ದಲ್ಲಾಳಿ ಸಂತೆಯಲ್ಲಿ ಯಾವಾಗಲೂ ಮಾವನ ಎದುರು ಪಾರ್ಟಿ. ಯೌವನದಿಂದ ಇಬ್ಬರದೂ ಒಂದೇ ಟವಲು, ಒಂದೇ ಜಗಳ. ಮಾವ ಸತ್ತವನನ್ನು ಬೈಯಲು ಶುರುಮಾಡಿದ. "ಎಂಥಾ ಕಳ್ಳ ಅಂತೀರಿ ಮೇಡಂ! ಬೇವರ್ಸಿ! ನನ್ನ ಬೆರಳು ಹಿಡದ್ರ ನನ್ನ ಮನಿ ಕಷ್ಟ ಎಲ್ಲಾ ತಿಳ್ಕೊಂತಿದ್ದ. ಮಗಳ ಮದಿವಿ ವರ್ಷ ಏನೂ ಹೇಳಿದ್ದಿಲ್ರಿ ನಾನು. ಸುಮ್ನ ದರದಾಗ ಒಂದು ಬೆರಳು ಬಿಟ್ಟುಕೊಟ್ಟ. ಯಾರು ಕೇಳಿದ್ರು ಅವನ್ನ? ಸೊಕ್ಕು!" ಬೈಗುಳ ಮುಗಿಯಲೇ ಇಲ್ಲ. ಮೇಡಂ ತಡೆಯಲೂ ಇಲ್ಲ. ಅಡಿಗೆಮನೆಯ ಬಾಗಿಲಲ್ಲಿದ್ದ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು.

"ಮಣ್ಣಿಗೆ ಹೋಗಿದ್ರಾ ಸರ್?"

"ವೈರಿ ಮಣ್ಣಿಗೆ ಯಾರು ಹೋಗ್ತಾರ್ರಿ?" ಎಂದ ಮಾವ.

ಆಮೇಲೆ ಮೇಡಂ, "ಮೊದಲ ದಿನ ಆರೂವರೆ ಅಂದಿದ್ರಿ. ಅದು ವ್ಯಾಪಾರದ ಲೆಕ್ಕ. ನಿಜವಾದದ್ದು ಬಾಯಲ್ಲಿ ಹೇಳೋದು ಕಷ್ಟ ಅನ್ನಿಸಿದ್ರೆ ನಿಮ್ಮ ರೀತಿಯಲ್ಲೇ ಹೇಳಿ. ಅಳಿಯ ಪಕ್ಕದಲ್ಲಿದ್ದಾರಲ್ಲ?" ಎಂದರು.

ಮಾವ ತಲೆಯಿಂದ ಟವಲು ತೆಗೆದ. ನನ್ನ ಮುಖ ನೋಡದೆ ಅದನ್ನು ನಮ್ಮಿಬ್ಬರ ಕೈ ಮೇಲೆ ಹಾಸಿದ. ನಾನು ಹುಟ್ಟಿದಾಗಿನಿಂದ ನನ್ನ ಬೆನ್ನಿಗೆ ಗುದ್ದಿದ ಕೈ ಅದು. ನನ್ನ ಕೈ ಹಿಡಿದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅದು ನಡುಗುತ್ತಲೇ ಬಂದು ನನ್ನ ಬೆರಳುಗಳನ್ನು ಹಿಡಿಯಿತು, ಅದುಮಿತು. ಬಹಳ ಹೊತ್ತು ಬಿಡಲಿಲ್ಲ.

"ಎಷ್ಟು ಹೇಳಿದ್ರು?" ಎಂದರು ಮೇಡಂ.

ನಾನು ಮಾವನ ಮುಖ ನೋಡಿದೆ. "ಅದು ಹೊರಗೆ ಹೇಳೋ ಹಂಗಿಲ್ಲ ಮೇಡಂ" ಎಂದೆ. ಅವರು ಮತ್ತೆ ಕೇಳಲಿಲ್ಲ. ಮಾವ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ನೀನೂ ದಲ್ಲಾಳಿ ಆಗಬೋದಿತ್ತಲೇ" ಎಂದ.

ಮುಂದಿನ ಸಂತೆಗೆ ಮಾವ ಹೊರಟ. ಹಲವಾಗಲಿನವನ ಮಗ ಈಗ ಅಪ್ಪನ ಜಾಗದಲ್ಲಿ ನಿಲ್ಲುತ್ತಾನೆ. ಮಾವ ಅವನೆದುರು ನಿಂತು ಟವಲು ಹಾಸಿ, ಎಲ್ಲರಿಗೂ ಕೇಳುವಂತೆ, "ನಿಮ್ಮಪ್ಪ ಹೋದಾಗಿಂದ ಈ ಕೈ ಹಿಂಗ ನಡುಗ್ತೈತೆಪ್ಪಾ. ಸ್ವಲ್ಪ ಗಟ್ಟಿ ಹಿಡಿ" ಎಂದ.

ಕೈ ನಡುಗಿತು. ಕುರಿ ಮಾರಾಟವಾದವು.