ಗೋಡೆಗೆ ಚೀಟಿ ದಾಟಿಸಿದ ಆರೋಪದ ಬಗ್ಗೆ

ಮೂರನೇ ಹಾಲ್‌ನ ಮೂಲೆಯಲ್ಲಿ, ಫ್ಯಾನಿಗಿಂತ ಎತ್ತರದ ಪದವಿಯಲ್ಲಿರುವ ಪರೀಕ್ಷಾ ಕ್ಯಾಮರಾ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಡಿಗ್ರಿ ಮೊದಲ ವರ್ಷದ ಹುಡುಗಿಯೊಬ್ಬಳು ತಮ್ಮಂಥವರಿಗೆ ನೇರವಾಗಿ ಪತ್ರ ಬರೆಯುತ್ತಿರುವುದಕ್ಕೆ ಸಾರಿ, ಅಂದರೆ ಕ್ಷಮೆ ಕೋರುತ್ತೇನೆ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದ ನನ್ನ ಕನ್ನಡ ಅರ್ಧ ಇಂಗ್ಲಿಷು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ, ತಮಗೆ ಹೊಟ್ಟೆ ಇಲ್ಲವೆಂದು ಗೊತ್ತಿದ್ದೂ ಕೇಳುತ್ತಿದ್ದೇನೆ.

ತಾವು ನಮ್ಮ ಅಂದಚಂದ ನೋಡದೆ, ಭುಜ, ಮೊಣಕೈ, ಮಣಿಕಟ್ಟು, ಮಂಡಿ ಎಂದು ಮೈಮೇಲೆ ಹದಿನೇಳು ಚುಕ್ಕಿಯಿಟ್ಟು, ಗೆರೆಯೆಳೆದು, ಚುಕ್ಕಿಗಳು ಕದಲುವ ರೀತಿಯಿಂದಲೇ ಯಾರು ಏನು ಮಾಡುತ್ತಿದ್ದಾರೆಂದು ಹೇಳಿಬಿಡುತ್ತೀರಂತೆ. ಇಷ್ಟು ಕಡಿಮೆ ನೋಡಿ ಇಷ್ಟು ಜಾಸ್ತಿ ತಿಳಿದವರನ್ನು ನಾನಂತೂ ಕಂಡಿಲ್ಲ.

ಮಂಗಳವಾರದ ಗಣಿತ ಪರೀಕ್ಷೆಯಲ್ಲಿ ಮೇಲ್ವಿಚಾರಕಿ ಮೇಡಂ ನನ್ನ ಬೆಂಚಿನ ಹತ್ತಿರ ಬಂದರು. ಹಾಸ್ಟೆಲಿನಲ್ಲಿ ವಾರ್ಡನ್ ಬಂದರೆ ಅರ್ಧ ಎದ್ದು, ಕೈ ಹಿಂದೆ ಕಟ್ಟಿ, ತಲೆ ತಗ್ಗಿಸಬೇಕಿತ್ತು. ಏಳು ವರ್ಷದ ಅಭ್ಯಾಸ, ನನ್ನನ್ನು ಕೇಳದೆ ಮೈಯೇ ಎದ್ದಿತು. ಮೇಡಂ ನಕ್ಕು, ಕೂರಿಸಿ, ಮುಂದೆ ಹೋದರು. ತಾವು ಮಾತ್ರ ನಗದೆ, ‘ಹಿಂದಿನವರಿಗೆ ಚೀಟಿ ದಾಟಿಸುವಿಕೆ, ನೂರಕ್ಕೆ ತೊಂಬತ್ತಾರು ಖಚಿತ’ ಎಂದು ದಾಖಲಿಸಿದಿರಿ. ಗಣಿತದಲ್ಲಿ ಇದುವರೆಗೆ ನನಗೆ ಯಾರೂ ತೊಂಬತ್ತಾರು ಕೊಟ್ಟಿರಲಿಲ್ಲ, ಥ್ಯಾಂಕ್ಸ್. ಆದರೆ ನನ್ನದು ಕೊನೆಯ ಬೆಂಚು. ಹಿಂದೆ ಇದ್ದದ್ದು ಗೋಡೆ. ಕೀಲುಗಳಿಲ್ಲದ ಕಾರಣ ಅದು ತಮ್ಮ ಗಮನಕ್ಕೆ ಬಂದಿರಲಾರದು.

ಈಗ ನನ್ನ ಉತ್ತರಪತ್ರಿಕೆ ಸೀಲಾದ ಕವರಿನಲ್ಲಿದೆ. ಸೋಮವಾರದೊಳಗೆ ತಮ್ಮ ವರದಿ ಬದಲಾಗದಿದ್ದರೆ ಇಡೀ ವರ್ಷ ಹೋಯಿತು. ಆಫೀಸಿನ ಗುಮಾಸ್ತರಿಗೆ ಗೋಡೆಯ ವಿಷಯ ಹೇಳಿದೆ. “ಯಂತ್ರ ಯಾಕಮ್ಮ ಸುಳ್ಳು ಹೇಳುತ್ತೆ? ಅದೇನು ಪಾಸಾಗಬೇಕಾ?” ಎಂದರು. ಅವರ ಪರದೆಯಲ್ಲೇ ಕಂಡೆ: ತೊಡೆಯ ಮೇಲೆ ಮೊಬೈಲಿಟ್ಟು, ಕಲ್ಲಿನಂತೆ ಕದಲದೆ ಕಾಪಿ ಹೊಡೆದ ನನ್ನ ಸಹಪಾಠಿಗೆ ತಾವು ‘ಏಕಾಗ್ರ ಬರವಣಿಗೆ’ ಎಂಬ ಷರಾ ದಯಪಾಲಿಸಿದ್ದೀರಿ.

ಆದ್ದರಿಂದ ಬಿನ್ನಹವೇನೆಂದರೆ, ಹದಿನೆಂಟನೆಯ ಚುಕ್ಕಿಯಾಗಿ ಭಯವನ್ನೂ ಸೇರಿಸಿಕೊಳ್ಳಬೇಕು. ನನ್ನಲ್ಲಿ ಅದು ಮಂಡಿಗಿಂತ ಹೆಚ್ಚು ಕದಲುತ್ತದೆ. ಅಷ್ಟಾಗದಿದ್ದರೆ, ಒಂದು ಬೆಳಗ್ಗೆ ತಾವೇ ಕೆಳಗಿಳಿದು ನಮ್ಮ ವಾರ್ಡನ್ ಎದುರು ನಿಂತು ನೋಡಬೇಕು.

ತಮ್ಮ ವಿಶ್ವಾಸಿ,
ಕೊನೆಯ ಬೆಂಚಿನ ಹದಿನೇಳು ಚುಕ್ಕಿ

ತಾ.ಕ.: ಸೋಮವಾರದ ವಿಚಾರಣೆಯಲ್ಲಿ ಮೂವರು ಹಿರಿಯರ ಮುಂದೆ ನಿಲ್ಲಬೇಕು. ಆ ಕೋಣೆಯ ಮೂಲೆಯಲ್ಲೂ ತಮ್ಮ ತಮ್ಮನವರೊಬ್ಬರು ಇದ್ದಾರಂತೆ. ಅಲ್ಲಿ ನನ್ನ ಕೈ ಎಲ್ಲಿಟ್ಟುಕೊಳ್ಳಲಿ? ದಯವಿಟ್ಟು ಬೇಗ ಉತ್ತರಿಸಿ.