ಬುತ್ತಿ ತರುತ್ತಿದ್ದ ಗಾರ್ಡಿಯನ್

ನಮ್ಮನೆಯ ಮುದ್ದೆಯೊಳಗೆ ಲಂಚ ಅಡಗಿದೆ ಎಂದು ನಂಬಿದ್ದ ಮನುಷ್ಯ ಭೂಮಿಯ ಮೇಲೆ ಒಬ್ಬರೇ. ಅವರನ್ನು ನನ್ನ ಕೊರಳಿಗೆ ಕಟ್ಟಿದ್ದು ಸಾಕ್ಷಾತ್ ನ್ಯಾಯಾಲಯ!

ಅಪ್ಪ ಅಮ್ಮ ಇಬ್ಬರೂ ಹೋದಾಗ ನನಗೆ ಏಳು ವರ್ಷ. ಅಂತರಸಂತೆಯ ಅಪ್ಪನ ಮನೆಯಲ್ಲಿ ನಾನು, ನನ್ನನ್ನು ಸಾಕಲು ಬಂದ ಅಮ್ಮನ ತಾಯಿ, ಇಬ್ಬರೇ. ಆ ಮನೆ ತಮಗೇ ಬೇಕೆಂದು ದೊಡ್ಡಪ್ಪ ಪಾಲಿನ ದಾವೆ ಹೂಡಿದರು. ಮಗುವಿನ ಮೇಲೆ ದಾವೆ ನಡೆಯಬೇಕಾದರೆ ಅದರ ಪರವಾಗಿ ದೊಡ್ಡವರೊಬ್ಬರು ನಿಲ್ಲಬೇಕಲ್ಲ? ಅಜ್ಜಿ, "ನಾ ಕೋರ್ಟ್ ಮೆಟ್ಲು ಅತ್ತಾಕಿಲ್ಲ ಕಣಪ್ಪ" ಎಂದು ಕೂತುಬಿಟ್ಟಳು. ಆಗ ಕೋಟೆಯ ತಾಲ್ಲೂಕು ಕೋರ್ಟು ಒಬ್ಬ ವಕೀಲರನ್ನು ನನಗೆ ಗಾರ್ಡಿಯನ್ ಆಗಿ ನೇಮಿಸಿತು.

ಇಂಥ ಗಾರ್ಡಿಯನ್‌ಗಳು ಸಾಮಾನ್ಯವಾಗಿ ನಾಲ್ಕು ಸಾಲಿನ ತಕರಾರು ಬರೆದುಕೊಟ್ಟು ಮರೆತುಬಿಡುತ್ತಾರೆ. ಮಗುವಿನ ಮುಖ ಯಾರು ನೋಡುತ್ತಾರೆ? ನಮ್ಮವರು ಸಂತೆಯ ದಿನ ಸ್ಕೂಟರ್ ಏರಿ ಬಂದೇಬಿಟ್ಟರು! ಮೂಗು ಸುರಿಸುತ್ತ ನಿಂತಿದ್ದ ನನಗೆ ಕೈಮುಗಿದು, "ಕಕ್ಷಿದಾರರೇ, ತಮ್ಮ ಸೂಚನೆ ಏನು?" ಎಂದರು.

"ಕಡ್ಲೆಮಿಠಾಯಿ."

"ಅದು ಈ ದಾವೆಯ ವ್ಯಾಪ್ತಿಗೆ ಬರೋದಿಲ್ಲ."

ಆಮೇಲೆ ಸಂತೆಯ ದಿನವೆಂದರೆ ಅವರು ಹಾಜರು. ಜಗಲಿಯಲ್ಲಿ ಕೂತು ಸ್ವಂತ ಬುತ್ತಿ ಬಿಚ್ಚಿ, ಒಳಗೆ ಬಸ್ಸಾರು ಘಮ್ಮೆನ್ನುತ್ತಿದ್ದರೂ ತಣ್ಣನೆಯ ಮೊಸರನ್ನ ತಿನ್ನುವರು.

"ಯಾಕ್ ಲಾಯರಪ್ಪ, ನಮ್ ಇಟ್ಟೇನು ಇಸವಾ?" ಎನ್ನುವಳು ಅಜ್ಜಿ, ಮುದ್ದೆಯ ಪರವಾಗಿ.

"ಗಾರ್ಡಿಯನ್ ಆದವನು ಕಕ್ಷಿದಾರರ ಮನೇಲಿ ಉಂಡ್ರೆ ಲಂಚ ಕಣಮ್ಮ!"

ಒಂದು ದಿನ ಕೋರ್ಟಿನ ಅಂಗಳದಲ್ಲಿ ದೊಡ್ಡಪ್ಪ ರಾಜಿಗೆ ಬಂದರು. ಮನೆ ಅವರಿಗೆ, ಕಾಡಂಚಿನ ಹೊಲ ನನಗೆ. "ಒಂದ್ ಸೈನ್ ಆಕ್ಬುಡಿ ಸಾ, ಮಗೀಗೇನ್ ಗೊತ್ತಾದಾತು?"

ನನ್ನನ್ನು ಕೇಳದೆ ಬಿಡುವ ಆಸಾಮಿಯೇ ನಮ್ಮ ಗಾರ್ಡಿಯನ್? ಚುರುಮುರಿ ತಿನ್ನುತ್ತಿದ್ದ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ವಿವರಿಸಿದರು.

"ಒಲಕ್ಕೆ ಆನೆ ಬತ್ತದಾ?"

"ಬರುತ್ತೆ."

"ಮತ್ತೆ ಅಜ್ಜಿ ಎಲ್ ಮಲಗ್ತದೆ?"

ಎದ್ದರು. ಮಗುವಿನ ಪಾಲಿನ ರಾಜಿಗೆ ನ್ಯಾಯಾಧೀಶರ ಅನುಮತಿ ಬೇಕು. ಅವರೆದುರು ನಿಂತು, "ಸ್ವಾಮಿ, ನನ್ನ ಕಕ್ಷಿದಾರರದು ಎರಡು ಆಕ್ಷೇಪಣೆ. ಒಂದು ಆನೆ, ಇನ್ನೊಂದು ಅಜ್ಜಿ" ಎಂದರು. ನ್ಯಾಯಾಧೀಶರು ನಕ್ಕರು. ನಕ್ಕರೂ ಅನುಮತಿ ಕೊಡಲಿಲ್ಲ!

ದಾವೆ ಬೆಳೆಯಿತು, ನಾನೂ ಬೆಳೆದೆ. ಹೈಸ್ಕೂಲಿನ ಚರ್ಚಾಸ್ಪರ್ಧೆಯಲ್ಲಿ ಗೆದ್ದ ಅಮಲಿನಲ್ಲಿ ಒಮ್ಮೆ ಬುತ್ತಿಯ ವಿಷಯಕ್ಕೇ ಕೈ ಹಾಕಿದೆ. "ಲಂಚ ಅಂದ್ರೆ ಎದುರು ಪಕ್ಷದವರು ಕೊಡೋದು ಸಾರ್. ನೀವು ನಮ್ಮ ಕಡೆಯವರು!"

"ವಾದ ಚೆನ್ನಾಗಿದೆ. ಆದರೆ ಆ ಬಸ್ಸಾರು ಉಂಡ ಮೇಲೆ ನಿಮ್ಮಜ್ಜಿ ಹೇಳಿದ್ದಕ್ಕೆಲ್ಲ ನಾನು ಹೂಂ ಅಂತೀನಿ. ನಾನು ಗಾರ್ಡಿಯನ್ ನಿಮಗೆ, ಅಜ್ಜಿಗಲ್ಲ."



ಕೊನೆಗೂ ತೀರ್ಪು ಬಂತು. ಮನೆ ನನ್ನ ಪಾಲಿಗೆ! ಅಷ್ಟರಲ್ಲಿ ನನಗೂ ಹದಿನೆಂಟು ತುಂಬಿ ಅವರ ಕೆಲಸ ಮುಗಿದಿತ್ತು. ಇನ್ನೇಕೆ ಬಂದಾರು? ಮುಂದಿನ ಸಂತೆಯ ದಿನ ಅಜ್ಜಿ ಸುಮ್ಮಸುಮ್ಮನೆ ಪಾತ್ರೆ ಕುಕ್ಕುತ್ತಿದ್ದಳು.

ಸ್ಕೂಟರಿನ ಸದ್ದಾಯಿತು. ಕೈಯಲ್ಲಿ ಬುತ್ತಿಯಿಲ್ಲ. ಜಗಲಿಯನ್ನೂ ಹತ್ತದೆ ಅಂಗಳದಲ್ಲೇ ನಿಂತರು.

"ಈಗ ನಾನು ನಿಮಗೆ ಯಾರೂ ಅಲ್ಲ," ಎಂದರು. "ಒಂದು ಮುದ್ದೆ ಸಿಗಬಹುದಾ?"

ನಾನು ಎದುರು ವಾದ ಹೂಡುವ ಮೊದಲೇ ಒಳಗಿನಿಂದ ಅಜ್ಜಿಯೇ ಕೂಗಿದಳು:

"ಯಾರೂ ಅಲ್ವಂತೆ! ಕೈ ತೊಳ್ಕಂಡು ಒಳಿಕ್ ಬಾ ಮಗ, ಇಟ್ಟು ಆರೋಯ್ತದೆ."